ಕಾಯಂ ಆದ ಪೆಟ್ಟಿಗೆ

"ಮೇಷ್ಟ್ರೇ, ಅಂಕಿ ಬರೆಯಲೋ, ಪದ ಬರೆಯಲೋ?" ಎಂದು ನಾಗವೇಣಿ ಕೇಳಿದಳು.

ನಾಗವೇಣಿ ಪೌರಕಾರ್ಮಿಕರ ಸಂಘದವಳು. ಬೀದಿ ಗುಡಿಸುವವರ ಹಾಜರಿ ಗುತ್ತಿಗೆದಾರನ ಫೋನಿನಲ್ಲಿತ್ತು. ಕೆಲಸಕ್ಕೆ ಬಂದವರನ್ನು ಅವನು ಬಂದಿಲ್ಲ ಎನ್ನುತ್ತಿದ್ದ. ಹಾಜರಿಯನ್ನು ಸಂಘವೇ ಇಡಬೇಕು, ಅದಕ್ಕೊಂದು ಸರ್ವರ್ ಬೇಕು ಎಂದು ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ್ದರು. ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದಿದ್ದರು. ಅದಕ್ಕೆ ಲಿನಕ್ಸ್ ಹಾಕುವುದನ್ನು ಕಲಿಯಲು ನಾಗವೇಣಿ ಓಬಳಯ್ಯ ಮೇಷ್ಟ್ರ ಬಳಿ ಬರುತ್ತಿದ್ದಳು. ಮೇಷ್ಟ್ರು ಕಂಪ್ಯೂಟರನ್ನು ತಾವೇ ಕಲಿತವರು. ಬಂದವರಿಗೆಲ್ಲ ಕಲಿಸುತ್ತಿದ್ದರು.

ಅವಳ ಪ್ರಶ್ನೆ ಸಣ್ಣದು. ಲಿನಕ್ಸ್ ಒಬ್ಬರ ಸ್ವತ್ತಲ್ಲ. ಸಾವಿರಾರು ಜನ ಬರೆದ ತುಣುಕುಗಳು ಅದರಲ್ಲಿವೆ. ಆ ತುಣುಕುಗಳನ್ನು ಆರಿಸಿ, ಪರೀಕ್ಷಿಸಿ, ಒಂದು ಕಟ್ಟು ಮಾಡಿ ಕೊಡುವವರಿದ್ದಾರೆ. ಆ ಕಟ್ಟಿಗೆ ಡಿಸ್ಟ್ರೊ ಎನ್ನುತ್ತಾರೆ. ಕಟ್ಟಿದವರ ಭಂಡಾರದಿಂದ ಯಂತ್ರ ತನಗೆ ಬೇಕಾದ ರಿಪೇರಿಗಳನ್ನು ತರಿಸಿಕೊಳ್ಳುತ್ತದೆ. ಯಾವ ಕಟ್ಟು ಬೇಕು ಎಂಬುದನ್ನು ಯಂತ್ರದೊಳಗಿನ ಒಂದು ಕಡತದಲ್ಲಿ ಬರೆದಿಡಬೇಕು. ಕಟ್ಟಿನ ಅಂಕಿಯನ್ನು ಬರೆಯಬಹುದು. ಇಲ್ಲವೇ 'ಸ್ಟೇಬಲ್' ಎಂಬ ಪದವನ್ನು ಬರೆಯಬಹುದು. ಸ್ಟೇಬಲ್ ಎಂದರೆ ಸ್ಥಿರವಾದದ್ದು.

"ಸ್ಥಿರವಾದದ್ದೇ ಒಳ್ಳೆಯದಲ್ಲವೇ?" ಎಂದಳು ನಾಗವೇಣಿ.

ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನ ಕೊಬ್ಬರಿ ಮಂಡಿಯಲ್ಲಿ ಮುನ್ನೂರು ಹಮಾಲರಿದ್ದರು. ಲಾರಿ ಬಂದು ನಿಂತರೆ ಮೂಟೆ ಹೊರಲು ಆರು ಜನ ಬೇಕು. ಆ ಆರು ಜನ ಯಾರು ಎಂಬುದನ್ನು ವರ್ತಕರ ಮೇಸ್ತ್ರಿ ಹೇಳುತ್ತಿದ್ದ. ಅವನ ಮನೆಯ ಸೌದೆ ಒಡೆದವನಿಗೆ ಸರದಿ ಸಿಗುತ್ತಿತ್ತು. ಅವನ ಬೀದಿಯವನಿಗೆ ಸಿಗುತ್ತಿತ್ತು. ಅವನನ್ನು ಕಂಡೊಡನೆ ತಲೆಯ ಟವೆಲ್ ತೆಗೆದವನಿಗೆ ಸಿಗುತ್ತಿತ್ತು. ಎದುರು ಮಾತಾಡಿದವನು ಹತ್ತು ದಿನ ಗೇಟಿನಲ್ಲಿ ಕೂತು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ.

ಹಮಾಲರು ಸಂಘ ಕಟ್ಟಿದರು. ಮೂಟೆ ಮುಟ್ಟುವುದಿಲ್ಲ ಎಂದು ಹತ್ತೊಂಬತ್ತು ದಿನ ಕೂತರು. ಇಪ್ಪತ್ತನೆಯ ದಿನ ವರ್ತಕರು ಒಪ್ಪಿದರು. ಇನ್ನು ಮೇಲೆ ಸರದಿಯನ್ನು ಸಂಘವೇ ಬರೆಯುತ್ತದೆ. ಸಾಲಿನ ಮುಂದಿರುವವನು ಮೂಟೆ ಹೊರುವುದು, ಹೊತ್ತವನು ಸಾಲಿನ ಕೊನೆಗೆ ಹೋಗುವುದು. ಅಷ್ಟೇ ನಿಯಮ. ಅಷ್ಟು ಸಣ್ಣ ನಿಯಮಕ್ಕಾಗಿ ಮುನ್ನೂರು ಮನೆಗಳು ಹತ್ತೊಂಬತ್ತು ದಿನ ಅರೆಹೊಟ್ಟೆಯಲ್ಲಿದ್ದವು. ಇದನ್ನು ಮರೆಯಬೇಡ. ಮುಂದೆ ಕಳೆದುಹೋದದ್ದು ಏನು ಎಂದು ತಿಳಿಯಬೇಕಾದರೆ ಇದು ನಿನಗೆ ನೆನಪಿರಬೇಕು.

ಮೊದಲು ಸರದಿಯನ್ನು ಪುಸ್ತಕದಲ್ಲಿ ಬರೆದರು. ಪುಸ್ತಕದ ಹಾಳೆ ಹರಿದು ಹೋಯಿತು. ಇನ್ನೊಂದು ಪುಸ್ತಕ ತಂದರು. ಅದರ ಮೇಲೆ ಟೀ ಚೆಲ್ಲಿತು. ಹರಿದವರು ಯಾರು, ಚೆಲ್ಲಿದವರು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ರುಜುವಾತು ಮಾಡಲು ಯಾರಿಂದಲೂ ಆಗಲಿಲ್ಲ.

ಹಮಾಲರಲ್ಲಿ ಒಬ್ಬ ಏಳನೆಯ ತರಗತಿಯವರೆಗೆ ಓದಿದ್ದ. ಲಾರಿ ಕಾಯುವ ಹೊತ್ತಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಕೂತು ಕಂಪ್ಯೂಟರ್ ಕಲಿತಿದ್ದ. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ. ಸರದಿಯನ್ನು ಯಂತ್ರದಲ್ಲಿ ಇಡೋಣ, ಅದು ಮುನ್ನೂರು ಜನರ ಫೋನಿನಲ್ಲೂ ಕಾಣಲಿ ಎಂದು ಅವನು ಸಂಘಕ್ಕೆ ಹೇಳಿದ. ಮುನ್ನೂರು ಜನರ ಕಣ್ಣೆದುರು ಇರುವ ಹಾಳೆಯನ್ನು ಯಾರೂ ಹರಿಯಲಾರರು ಎಂದ. ಸಂಘ ಒಪ್ಪಿತು. ಯಂತ್ರವನ್ನು ಸಂಘದ ಕೋಣೆಯಲ್ಲಿ ಮೊಳೆ ಹೊಡೆದ ಹಲಗೆಯ ಮೇಲೆ ಇಟ್ಟರು.

ಅದಕ್ಕೆ ಆ ಹಮಾಲ ಲಿನಕ್ಸ್ ಹಾಕಿದ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಯಾರಿಗೂ ಕೈಮುಗಿಯಬೇಕಾಗಿಲ್ಲ ಎಂಬುದು ಅವನಿಗೆ ಹಿಡಿಸಿತ್ತು. ಹೆಸರುವಾಸಿಯಾದ ಒಂದು ಡಿಸ್ಟ್ರೊ ಆರಿಸಿದ. ಜಗತ್ತಿನ ಅರ್ಧ ಸರ್ವರ್‌ಗಳಲ್ಲಿ ಅದೇ ಇದೆ ಎಂದು ಜನ ಹೇಳುತ್ತಿದ್ದರು. ಆಗ ಅದರ ಎಂಟನೆಯ ಕಟ್ಟು ಬಂದಿತ್ತು. ಈ ಕಟ್ಟಿಗೆ ಹತ್ತು ವರ್ಷ ರಿಪೇರಿ ಕೊಡುತ್ತೇವೆ ಎಂದು ಡಿಸ್ಟ್ರೊದವರು ತಮ್ಮ ಪುಟದಲ್ಲಿ ಬರೆದಿದ್ದರು.

ಕಡತದ ಆ ಸಾಲು ಬಂತು. ಎಂಟು ಎಂಬ ಅಂಕಿ ಬರೆಯಬಹುದಿತ್ತು. ಸ್ಟೇಬಲ್ ಎಂದೂ ಬರೆಯಬಹುದಿತ್ತು. ಹಮಾಲ ನಿಘಂಟು ತೆಗೆದು ನೋಡಿದ. ಸ್ಥಿರ, ಅಚಲ, ಶಾಶ್ವತ ಎಂದಿತ್ತು. ಹಮಾಲರ ಬಾಯಲ್ಲಿ ಅದಕ್ಕೊಂದು ಪದವಿದೆ. ಕಾಯಂ. ಬ್ಯಾಂಕಿನ ಗುಮಾಸ್ತ ಕಾಯಂ, ಸ್ಕೂಲಿನ ಜವಾನ ಕಾಯಂ, ಮಂಡಿಯ ಹಮಾಲ ಸಾಯುವವರೆಗೂ ಕಾಯಂ ಅಲ್ಲ. ಹಮಾಲ ಆ ಪದವನ್ನು ಕಾಯಂ ಎಂದು ಓದಿಕೊಂಡ. ಅಂಕಿಯನ್ನು ಬಿಟ್ಟು ಪದವನ್ನು ಬರೆದ. ಹೊರಗೆ ಬಂದು, "ನಮ್ ಪೆಟ್ಟಿಗೆ ಕಾಯಂ ಆಯ್ತು ಕಣ್ರಪ್ಪಾ" ಎಂದ.

ಗೇಟಿನಲ್ಲಿ ಒಬ್ಬ ಮುದುಕ ಹಮಾಲ ಕೂತಿದ್ದ. ಅವನ ಎಡಭುಜ ಇಳಿದುಹೋಗಿತ್ತು. ಅವನು, "ಅಲ್ಲಲೇ, ನಲವತ್ತು ವರ್ಷ ಮೂಟೆ ಹೊತ್ತೆ, ನಾನು ಕಾಯಂ ಆಗ್ಲಿಲ್ಲ. ಈ ಡಬ್ಬ ಒಂದು ಮೂಟೆ ಹೊರ್ಲಿಲ್ಲ, ಬಂದ್ ದಿನಾನೇ ಕಾಯಂ ಆಗೋಯ್ತಾ? ಇದ್ಯಾವ ಸಾಹೇಬ್ರ ಕಡೇದಲಾ?" ಎಂದ.

ಎಲ್ಲರೂ ನಕ್ಕರು. ಹಮಾಲನೂ ನಕ್ಕ.

ಆ ಪದ ಒಂದು ಕಟ್ಟಿನ ಹೆಸರಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದೊಂದು ಬೆರಳು. ಇವತ್ತು ಯಾವುದನ್ನು ಸ್ಥಿರವೆಂದು ಕರೆಯುತ್ತೇವೋ ಅದರ ಕಡೆಗೆ ಚಾಚಿದ ಬೆರಳು. ನಾಳೆ ಅದು ಇನ್ನೊಂದರ ಕಡೆ ತಿರುಗಬಹುದು. ತಿರುಗಿಸುವ ಕೈ ಬೇರೆ ಕಡೆ ಇರುತ್ತದೆ. ಆ ಸಾಲಿನಲ್ಲಿ ಬರೆಯಬಹುದಾದ ಎಲ್ಲ ಮಾತುಗಳಲ್ಲಿ ಕದಲುವ ಮಾತು ಅದೊಂದೇ.

ನಾಲ್ಕು ವರ್ಷ ಯಂತ್ರ ನಡೆಯಿತು. ಪ್ರತಿ ಸೋಮವಾರ ಬೆಳಿಗ್ಗೆ, ಮಂಡಿ ತೆರೆಯುವ ಮೊದಲು, ಹಮಾಲ ಅದಕ್ಕೆ ರಿಪೇರಿ ತುಂಬುತ್ತಿದ್ದ. ಅಪ್‌ಡೇಟ್ ಎನ್ನುತ್ತಾರಲ್ಲ, ಅದು. ತುಂಬದಿದ್ದರೆ ಯಂತ್ರದೊಳಗೆ ಕಳ್ಳರು ನುಗ್ಗುತ್ತಾರೆ. ಒಂದು ಸೋಮವಾರವನ್ನೂ ಅವನು ತಪ್ಪಿಸಲಿಲ್ಲ. ಮಗಳ ಮದುವೆಯ ದಿನವೂ ಅಪ್‌ಡೇಟ್ ಮಾಡಿ ಚಪ್ಪರಕ್ಕೆ ಹೋದ.

ಮುದುಕ ಹಮಾಲನಿಗೆ ಮೇಸ್ತ್ರಿಯ ಕಾಲದಲ್ಲಿ ಸರದಿ ಇರಲಿಲ್ಲ. ಇಳಿದ ಭುಜ ನೋಡಿ ಮೇಸ್ತ್ರಿ ಮುಖ ತಿರುಗಿಸುತ್ತಿದ್ದ. ಯಂತ್ರಕ್ಕೆ ಅವನ ಭುಜ ಗೊತ್ತಿರಲಿಲ್ಲ, ಅವನ ಹೆಸರು ಗೊತ್ತಿತ್ತು. ಹೆಸರು ಬಂದಾಗ ಅವನು ಎದ್ದು ಹೋಗಿ ಬಲಭುಜದಲ್ಲಿ ಹೊರುತ್ತಿದ್ದ. ಉಳಿದ ಐವರು ಅವನಿಗೆ ಸಣ್ಣ ಮೂಟೆ ಬಿಡುತ್ತಿದ್ದರು. ಹಾಗೆ ಬಿಡಬೇಕೆಂದು ಯಾವ ನಿಯಮವೂ ಇರಲಿಲ್ಲ. ಸರದಿ ನ್ಯಾಯವಾಗಿದ್ದ ಕಡೆ ಜನ ತಾವಾಗಿಯೇ ಒಳ್ಳೆಯವರಾಗಿದ್ದರು.

ಐದನೆಯ ವರ್ಷ ಡಿಸ್ಟ್ರೊದ ಪುಟದಲ್ಲಿ ಒಂದು ಪ್ರಕಟಣೆ ಬಂತು. ಆ ಡಿಸ್ಟ್ರೊ ಆಗ ಒಂದು ಕಂಪನಿಯ ಕೈಯಲ್ಲಿತ್ತು. ನಮ್ಮ ಬಿಡುಗಡೆಯ ಕ್ರಮವನ್ನು ಸುಧಾರಿಸಿದ್ದೇವೆ ಎಂದು ಕಂಪನಿ ಬರೆದಿತ್ತು. ಹೊಸ ಕಟ್ಟನ್ನು ಜನರ ಕೈಗೆ ಕೊಡುವುದಕ್ಕೆ ಅವರು ಬಿಡುಗಡೆ ಎನ್ನುತ್ತಾರೆ. ಹಮಾಲ ಗೇಟಿಗೆ ಬಂದು, "ಬಿಡುಗಡೆಯ ಕ್ರಮ ಬದಲಾಗಿದೆಯಂತೆ" ಎಂದ.

"ಯಾರ್ಗಪ್ಪಾ ಬಿಡುಗಡೆ?" ಎಂದ ಮುದುಕ. "ನಮ್ಗಂತೂ ಆಗಿರಕ್ಕಿಲ್ಲ ಬಿಡು. ಆಗಿದ್ರೆ ಇಷ್ಟೊತ್ಗೆ ಯಾರಾದ್ರೂ ಬಂದು ಹಿಡ್ಕೊಂಡೋಗೋರು."

ಪ್ರಕಟಣೆಯ ಅರ್ಥ ಇಷ್ಟು. ಇನ್ನು ಮೇಲೆ ಪುಕ್ಕಟೆ ಕೊಡುವ ಡಿಸ್ಟ್ರೊದಲ್ಲಿ ಅಂಕಿಯ ಕಟ್ಟುಗಳಿಲ್ಲ. ವಾರವಾರವೂ ಹೊಸ ತುಣುಕುಗಳು ಹರಿದು ಬರುತ್ತವೆ, ಕೊನೆಯಿಲ್ಲದೆ. ಆ ಹರಿವಿಗೇ ಇನ್ನು ಸ್ಟೇಬಲ್ ಎಂದು ಹೆಸರು. ಹರಿವಿನಲ್ಲಿ ಆರು ತಿಂಗಳು ಕೆಡದೆ ಉಳಿದದ್ದನ್ನು ಆರಿಸಿ, ಅಂಕಿ ಹಾಕಿ, ಹತ್ತು ವರ್ಷದ ರಿಪೇರಿಯೊಂದಿಗೆ ಹಣ ಕೊಟ್ಟವರಿಗೆ ಕೊಡುತ್ತೇವೆ. ಎಂಟನೆಯ ಕಟ್ಟಿಗೆ ಪುಕ್ಕಟೆ ರಿಪೇರಿ ಈ ವರ್ಷದ ಕೊನೆಗೆ ನಿಲ್ಲುತ್ತದೆ.

ಕೊಟ್ಟದ್ದು ಹತ್ತು ವರ್ಷದ ಮಾತು. ಉಳಿಸಿಕೊಂಡದ್ದು ಐದು ವರ್ಷ. ಮಿಕ್ಕ ಐದನ್ನು ತಮ್ಮ ಜೇಬಿನಲ್ಲಿಟ್ಟುಕೊಂಡು ಅದಕ್ಕೆ ಸುಧಾರಣೆ ಎಂದು ಹೆಸರಿಟ್ಟರು. ಕಟ್ಟು ಕೆಡುತ್ತದೆಯೋ ಇಲ್ಲವೋ ಎಂದು ಮೊದಲು ಹೊತ್ತು ನೋಡಲು ಕಂಪನಿಗೆ ಜನ ಬೇಕಿತ್ತು. ಸಂಬಳ ಕೊಟ್ಟು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಪುಕ್ಕಟೆ ಪಡೆದವರ ಯಂತ್ರಗಳು ಹೇಗೂ ಇದ್ದವು.

ಇಷ್ಟನ್ನೂ ಹಮಾಲ ಓದಲಿಲ್ಲ. ಅಷ್ಟು ಉದ್ದದ ಇಂಗ್ಲಿಷ್ ಅವನಿಗೆ ಓದಲು ಬರುತ್ತಿರಲಿಲ್ಲ. ಅವನು ತನಗೆ ಬೇಕಾದ ಪದವನ್ನು ಹುಡುಕಿದ. ಅದು ಸಿಕ್ಕಿತು. ಅದರ ಪಕ್ಕದಲ್ಲಿ ಹೀಗಿತ್ತು: ಸ್ಟೇಬಲ್ ಎಂದು ಬರೆದವರು ಏನೂ ಮಾಡಬೇಕಾಗಿಲ್ಲ.

ಅವನು ಏನೂ ಮಾಡಲಿಲ್ಲ. ನಾಗವೇಣಿ, ಬಲಶಾಲಿಗಳು ನಿನಗೆ ನೀನು ಏನೂ ಮಾಡಬೇಕಾಗಿಲ್ಲ ಎಂದು ಹೇಳಿದರೆ, ನಿನಗೆ ಮಾಡಬೇಕಾದದ್ದನ್ನು ಅವರು ಆಗಲೇ ಮಾಡಿ ಮುಗಿಸಿದ್ದಾರೆ ಎಂದು ತಿಳಿ.

ಮುಂದಿನ ಸೋಮವಾರ ಅವನು ಎಂದಿನಂತೆ ಅಪ್‌ಡೇಟ್ ಮಾಡಿದ. ಬೆರಳು ತಿರುಗಿತ್ತು. ಎಂದಿನ ಹತ್ತು ಹನ್ನೆರಡು ತುಣುಕುಗಳ ಬದಲು ಒಂಬೈನೂರು ತುಣುಕುಗಳು ಇಳಿದವು. ಅವುಗಳಲ್ಲಿ ಪಟ್ಟಿಗಳನ್ನು ಬರೆದಿಡುವ ಹೊಸ ಡೇಟಾಬೇಸ್ ಒಂದಿತ್ತು. ಸರದಿಯ ಪಟ್ಟಿ ಇದ್ದದ್ದು ಹಳೆಯ ಡೇಟಾಬೇಸಿನಲ್ಲಿ. ಹಳೆಯದರ ಬರವಣಿಗೆ ಹೊಸದಕ್ಕೆ ಓದಲು ಬರಲಿಲ್ಲ. ಪಟ್ಟಿ ಯಂತ್ರದಲ್ಲೇ ಇತ್ತು, ತೆರೆಯುತ್ತಿರಲಿಲ್ಲ. ಹಮಾಲ ಪ್ರತಿದಿನ ಒಂದು ನಕಲು ತೆಗೆದಿಡುತ್ತಿದ್ದ. ನಕಲೂ ಹಳೆಯದರ ಬರವಣಿಗೆಯಲ್ಲೇ ಇತ್ತು. ಹಳೆಯ ಡೇಟಾಬೇಸನ್ನು ಮತ್ತೆ ತರಲು ಭಂಡಾರಕ್ಕೆ ಹೋದ. ಅದನ್ನು ಅಲ್ಲಿಂದ ತೆಗೆದು ಹಣ ಕೊಟ್ಟವರ ಭಂಡಾರಕ್ಕೆ ಸಾಗಿಸಿದ್ದರು; ಎಂಟನೆಯ ಕಟ್ಟಿಗೆ ಪುಕ್ಕಟೆ ಉಳಿದದ್ದು ಹೊಸ ರಿಪೇರಿಗಳು ಮಾತ್ರ, ಪೂರ್ತಿ ತುಣುಕುಗಳಲ್ಲ.

ಹೊರಗೆ ಮಂಡಿ ತೆರೆಯಿತು. ಹದಿನಾಲ್ಕು ಲಾರಿಗಳು ನಿಂತಿದ್ದವು. ಮುನ್ನೂರು ಜನ ಫೋನ್ ತೆಗೆದು ನೋಡಿದರು. ಪಟ್ಟಿ ಇರಲಿಲ್ಲ. ಶನಿವಾರ ಯಾರು ಹೊತ್ತರು, ಯಾರ ನಂತರ ಯಾರು ಎಂದು ನೆನಪಿನಿಂದ ಹೇಳಲು ಹೊರಟರು. ನಾಲ್ಕು ವರ್ಷ ಯಂತ್ರ ನೆನಪಿಟ್ಟುಕೊಂಡಿತ್ತು, ಯಾರೂ ತಮ್ಮ ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ನಾನು ಮೊದಲು ಎಂದು ಅರವತ್ತು ಜನ ಎಂದರು. ಅವರಲ್ಲಿ ಸುಳ್ಳು ಹೇಳಿದವರು ಕೆಲವರು. ಉಳಿದವರು ನಿಜವಾಗಿಯೂ ಹಾಗೆಂದು ನಂಬಿದ್ದರು. ಹೊಡೆದಾಟವಾಯಿತು. ಹತ್ತೊಂಬತ್ತು ದಿನ ಒಟ್ಟಿಗೆ ಕೂತವರು ಒಬ್ಬರ ಅಂಗಿ ಒಬ್ಬರು ಹರಿದರು.

ಮೇಸ್ತ್ರಿ ಅಲ್ಲೇ ಇದ್ದ. ನಾಲ್ಕು ವರ್ಷದಿಂದಲೂ ಅವನು ದಿನಾ ಬರುತ್ತಿದ್ದ, ಗೇಟಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದ. ಸಂಘದ ಕೋಣೆಯ ಬಾಗಿಲಿಗೆ ಬಂದು ಹಮಾಲನನ್ನು ನೋಡಿ, "ಏನ್ಲಾ, ನಿನ್ ಕಾಯಂ ಸಾಹೇಬ್ರು ಇವತ್ತು ರಜಾನಾ?" ಎಂದ.

ಹಮಾಲ ಕೀಲಿಗಳನ್ನು ಒತ್ತುತ್ತಲೇ ಇದ್ದ.

"ನೀನು ರಿಪೇರಿ ಮಾಡ್ಕೋ ಮಗ. ನಿಧಾನಕ್ಕೆ ಮಾಡ್ಕೋ. ಲಾರಿಯೋರು ಕಾಯಲ್ವಲ್ಲ, ಅದಕ್ಕೆ ಇವತ್ತೊಂದಿನ ನಾನು ಹೆಸರು ಕೂಗ್ತೀನಿ" ಎಂದು ಮೇಸ್ತ್ರಿ ಹೇಳಿದ. ಜೋರು ಮಾಡಲಿಲ್ಲ, ನಗಲಿಲ್ಲ. ಹೊರಗೆ ಹೋಗಿ ಆರು ಹೆಸರು ಕೂಗಿದ. ಮತ್ತೆ ಆರು ಕೂಗಿದ. ಹೊಡೆದಾಟ ನಿಂತಿತು. ಅದೇ ಕೇಡಾಯಿತು. ಹೊಡೆದಾಡಿ ಸುಸ್ತಾದವರಿಗೆ ಅವನ ದನಿ ನೆಮ್ಮದಿಯಂತೆ ಕೇಳಿಸಿತು.

ಹಮಾಲ ಲಿನಕ್ಸ್ ಬಲ್ಲವರು ಸೇರುವ ಜಾಲತಾಣದಲ್ಲಿ ಸಹಾಯ ಕೇಳಿದ. ತನ್ನ ಇಂಗ್ಲಿಷಿನಲ್ಲಿ ಬರೆದ. ಮುನ್ನೂರು ಜನ ಗೇಟಿನಲ್ಲಿದ್ದಾರೆ, ದಯವಿಟ್ಟು ಬೇಗ ಎಂದು ಬರೆದ. ಒಬ್ಬ, ನೀನು ಪ್ರಕಟಣೆಯನ್ನು ಓದಲಿಲ್ಲವೇ ಎಂದು ಉತ್ತರ ಕೊಟ್ಟ. ಇನ್ನೊಬ್ಬ, ಅಷ್ಟು ಮುಖ್ಯವಾದ ಕೆಲಸಕ್ಕೆ ಹಣ ಕೊಟ್ಟು ಕೊಳ್ಳಬೇಕಿತ್ತು ಎಂದ. ಮತ್ತೊಬ್ಬ, ಪುಕ್ಕಟೆ ಸಿಕ್ಕಿದ್ದಕ್ಕೆ ದೂರಬೇಡ ಎಂದ. ಅವರೆಲ್ಲ ಕಲಿತವರು. ಅವರ ಯಂತ್ರಗಳು ನಿಂತರೆ ಅವರ ಮನೆಯ ಒಲೆ ನಿಲ್ಲುವುದಿಲ್ಲ.

ಇಲ್ಲಿ ನಾಗವೇಣಿ ತಡೆದಳು. "ಹಾಗಾದರೆ ಅಂಕಿಯನ್ನೇ ಬರೆಯಬೇಕಿತ್ತು. ಅಲ್ಲವೇ ಮೇಷ್ಟ್ರೇ?"

"ಅಂಕಿ ಬರೆದವರೂ ಇದ್ದರು" ಎಂದರು ಮೇಷ್ಟ್ರು. "ಅವರ ಯಂತ್ರ ಆ ಸೋಮವಾರ ಕೆಡಲಿಲ್ಲ. ವರ್ಷದ ಕೊನೆಗೆ ರಿಪೇರಿ ನಿಂತಿತು. ಆಮೇಲೆ ಕಂಡುಹಿಡಿದ ಪ್ರತಿಯೊಂದು ತೂತೂ ಅವರ ಯಂತ್ರದಲ್ಲಿ ಹಾಗೇ ತೆರೆದಿತ್ತು. ಒಂದೂರಿನ ನೇಕಾರರ ಸೊಸೈಟಿಯ ಯಂತ್ರಕ್ಕೆ ಕಳ್ಳರು ನುಗ್ಗಿ ಎಲ್ಲಕ್ಕೂ ಬೀಗ ಹಾಕಿದರು. ಪದ ಬರೆದವನು ಕೊಚ್ಚಿಕೊಂಡು ಹೋದ, ಅಂಕಿ ಬರೆದವನು ನಿಂತಲ್ಲೇ ಕೊಳೆತ. ಕತೆ ಕೇಳು."

ಒಂಬತ್ತು ದಿನ ಕಳೆದವು. ಹಮಾಲ ಕೋಣೆ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ ಯಂತ್ರ ಎಲ್ಲಿ, ಯಾವ ತುಣುಕಿನಲ್ಲಿ, ಏಕೆ ಕೆಟ್ಟಿತು ಎಂಬುದನ್ನು ಎಳೆ ಎಳೆಯಾಗಿ ಹುಡುಕಿ ಹಿಡಿದಿದ್ದ. ತಪ್ಪು ಅವನದಾಗಿರಲಿಲ್ಲ. ಹೊಸ ಡೇಟಾಬೇಸ್ ಕಟ್ಟುವಾಗ ಹಳೆಯದನ್ನು ಓದುವ ಒಂದು ತುಣುಕನ್ನು ಸೇರಿಸಲು ಕಂಪನಿಯವರೇ ಮರೆತಿದ್ದರು. ಅದನ್ನೆಲ್ಲ ವಿವರವಾಗಿ ಬರೆದು ಕಂಪನಿಗೆ ಕಳಿಸಿದ. ತನ್ನಂಥ ಬೇರೆಯವರಿಗೆ ಹೀಗಾಗದಿರಲಿ ಎಂದು ಕೊನೆಯಲ್ಲಿ ಬರೆದ.

ಒಂಬತ್ತನೆಯ ದಿನ ಯಾವುದೋ ದೇಶದ ಯಾರೋ ಒಬ್ಬರು ಹಳೆಯ ಡೇಟಾಬೇಸಿನ ಪ್ರತಿಯನ್ನು ಕಳಿಸಿಕೊಟ್ಟರು. ಹಮಾಲ ಅದನ್ನು ಹಾಕಿದ. ಪಟ್ಟಿ ತೆರೆಯಿತು. ಮುನ್ನೂರು ಹೆಸರುಗಳೂ ಶನಿವಾರ ಬಿಟ್ಟ ಕ್ರಮದಲ್ಲೇ ಇದ್ದವು. ಒಂದಕ್ಷರವೂ ಅಳಿಸಿರಲಿಲ್ಲ.

ಅವನು ಹೊರಗೆ ಓಡಿ ಬಂದು, "ಬಂತು, ಸರದಿ ಬಂತು!" ಎಂದು ಕೂಗಿದ.

ಯಾರ ಸರದಿ? ಒಂಬತ್ತು ದಿನ ಮೇಸ್ತ್ರಿ ಹೆಸರು ಕೂಗಿದ್ದ. ಕೂಗಿಸಿಕೊಂಡವರು ಮತ್ತೆ ಸಾಲಿನ ಕೊನೆಗೆ ಹೋಗಲು ಒಪ್ಪಲಿಲ್ಲ. ಕೂಗಿಸಿಕೊಳ್ಳದವರು ಮೇಸ್ತ್ರಿಯ ಮನೆಗೆ ಸೌದೆ ಒಡೆಯಲು ಹೋಗಿದ್ದರು. ವರ್ತಕರು ಮೇಸ್ತ್ರಿಗೆ ಒಂದು ಯಂತ್ರ ಕೊಡಿಸಿದ್ದರು. ಅವನು ಹೇಳಿದ ಹೆಸರನ್ನು ಅದರಲ್ಲಿ ಹಾಕಿದರೆ ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು. ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅದೇ ತೆರೆ, ಅದೇ ಪಟ್ಟಿ. ಹೆಸರು ಬರೆಯುವ ಕೈ ಮಾತ್ರ ಬೇರೆ. ಸಂಘ ಗೆದ್ದ ನಿಯಮವನ್ನು ಯಾರೂ ರದ್ದು ಮಾಡಲಿಲ್ಲ. ಅದು ಇವತ್ತಿಗೂ ಒಪ್ಪಂದದ ಕಾಗದದಲ್ಲಿದೆ.

ಸಂಘದ ಕೋಣೆಗೆ ಒಬ್ಬನೇ ಬಂದ. ಭುಜ ಇಳಿದ ಮುದುಕ. ಒಂಬತ್ತು ದಿನದಲ್ಲಿ ಒಮ್ಮೆಯೂ ಅವನ ಹೆಸರನ್ನು ಕೂಗಿರಲಿಲ್ಲ.

"ನಂದು ಎಷ್ಟನೇದು ನೋಡಪ್ಪಾ" ಎಂದ.

ಹಮಾಲ ಪಟ್ಟಿಯನ್ನು ನೋಡಿದ. ಮುದುಕನ ಹೆಸರು ಇನ್ನೂರ ಹನ್ನೊಂದನೆಯದಾಗಿತ್ತು. ಅವನ ಮುಂದಿದ್ದ ಇನ್ನೂರ ಹತ್ತು ಜನ ಅಲ್ಲಿರಲಿಲ್ಲ.

"ನೀನೇ ಮೊದ್ಲು ಕಣಣ್ಣ" ಎಂದ.

ಮುದುಕ ಟವೆಲನ್ನು ಸಿಂಬಿ ಸುತ್ತಿ ಬಲಭುಜದ ಮೇಲೆ ಇಟ್ಟುಕೊಂಡು ಗೇಟಿನಲ್ಲಿ ನಿಂತ. ಮಂಡಿ ಮುಚ್ಚುವವರೆಗೂ ನಿಂತಿದ್ದ. ಲಾರಿಗಳು ಬಂದವು, ಹೋದವು. ಮರುದಿನ ಬಂದು ನಿಂತ. ಅದರ ಮರುದಿನ ಬರಲಿಲ್ಲ.

ಮುಂದಿನ ವಾರ ಕಂಪನಿಯಿಂದ ಹಮಾಲನಿಗೆ ಉತ್ತರ ಬಂತು. ಹಮಾಲ ಅಕ್ಷರ ಅಕ್ಷರ ಕೂಡಿಸಿ ಓದಿದ. ನಿಮ್ಮ ವರದಿ ಬಹಳ ಚೆನ್ನಾಗಿತ್ತು. ನೀವು ಹೇಳಿದ ದೋಷವನ್ನು ಸರಿಪಡಿಸಿದ್ದೇವೆ. ನಿಮ್ಮಿಂದಾಗಿ ಅದು ಹಣ ಕೊಡುವ ಗ್ರಾಹಕರನ್ನು ತಲುಪಲಿಲ್ಲ. ಧನ್ಯವಾದ.

ವರ್ತಕರು ಮೇಸ್ತ್ರಿಗೆ ಕೊಡಿಸಿದ್ದ ಯಂತ್ರದಲ್ಲಿ ಇದ್ದದ್ದು ಅದೇ ಡಿಸ್ಟ್ರೊ. ಅಂಕಿ ಹಾಕಿದ್ದು, ಹತ್ತು ವರ್ಷದ್ದು, ಹಣ ಕೊಟ್ಟು ಕೊಂಡದ್ದು. ಅದು ಒಂದು ದಿನವೂ ನಿಲ್ಲಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು.

ನಾಗವೇಣಿಯ ಮುಖ ಕೆಂಪಾಗಿತ್ತು. "ಕಳ್ಳರು" ಎಂದಳು. "ಸಾವಿರಾರು ಜನ ಪುಕ್ಕಟೆ ಬರೆದದ್ದು. ಅದನ್ನು ಕದ್ದು, ಕದ್ದವರಿಂದಲೇ ರಿಪೇರಿ ಮಾಡಿಸಿಕೊಂಡು... ಅಲ್ಲ, ಕಳೆದುಕೊಂಡವರಿಂದಲೇ ಮಾಡಿಸಿಕೊಂಡು, ಅವರ ವೈರಿಗೆ ಮಾರಿದರು. ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಮೇಷ್ಟ್ರೇ?"

"ಕದಿಯಲಿಲ್ಲ" ಎಂದರು ಮೇಷ್ಟ್ರು. "ಕದ್ದಿದ್ದರೆ ಹೋಗಿ ಕಿತ್ತುಕೊಂಡು ಬರಬಹುದಿತ್ತು. ಅದನ್ನು ಕೊಟ್ಟರು."

"ಯಾರು ಕೊಟ್ಟರು?"

ಮೇಷ್ಟ್ರು ಮತ್ತೆ ಹೇಳತೊಡಗಿದರು. ಆ ಡಿಸ್ಟ್ರೊವನ್ನು ಮೊದಲು ಕಟ್ಟಿದವರು ಏಳು ಜನ. ಒಬ್ಬೊಬ್ಬರು ಒಂದೊಂದು ಊರಿನವರು. ಎಲ್ಲರೂ ತಾವಾಗಿ ಕಲಿತವರು. ಅದಕ್ಕೂ ಮೊದಲು ಬೇರೊಂದು ಕಂಪನಿ ತನ್ನ ಕಟ್ಟನ್ನು ಹೀಗೆಯೇ ಬಡವರ ಕೈಯಿಂದ ಕಿತ್ತುಕೊಂಡಿತ್ತು. ಆಗ ಈ ಏಳು ಜನ ರೇಗಿ ಎದ್ದಿದ್ದರು. ನಾವೇ ಕಟ್ಟುತ್ತೇವೆ, ಎಂದೆಂದಿಗೂ ಎಲ್ಲರಿಗೂ ಕೊಡುತ್ತೇವೆ ಎಂದಿದ್ದರು. ಹನ್ನೆರಡು ವರ್ಷ ಕಟ್ಟಿದರು. ಬೆಳಿಗ್ಗೆ ಹೊಟ್ಟೆಪಾಡಿನ ಕೆಲಸ, ಸಂಜೆ ಈ ಕೆಲಸ. ಲಕ್ಷಾಂತರ ಯಂತ್ರಗಳು ಅವರ ಭಂಡಾರದಿಂದ ರಿಪೇರಿ ತರಿಸಿಕೊಂಡವು. ಅಷ್ಟು ಯಂತ್ರಗಳ ಮಾಲೀಕರಲ್ಲಿ ಒಬ್ಬರೂ ನಿಮಗೆ ಕೈ ಜೋಡಿಸಲೇ ಎಂದು ಬರೆಯಲಿಲ್ಲ. ರಿಪೇರಿ ಒಂದು ದಿನ ತಡವಾದರೆ ಮಾತ್ರ ಬೈದು ಬರೆಯುತ್ತಿದ್ದರು. ಏಳು ಜನರಲ್ಲಿ ಒಬ್ಬನಿಗೆ ಕಣ್ಣು ಮಂಜಾಯಿತು. ಒಬ್ಬಳ ಗಂಡ ಬಿಟ್ಟು ಹೋದ. ಒಬ್ಬ ಕೆಲಸ ಕಳೆದುಕೊಂಡ.

ಆಗ ಈ ಕಂಪನಿ ಬಂತು. ನಿಮಗೆಲ್ಲ ನಾವು ಸಂಬಳ ಕೊಡುತ್ತೇವೆ, ನೀವು ಇದೇ ಕೆಲಸವನ್ನು ಹಗಲಲ್ಲಿ ಮಾಡಿ ಎಂದಿತು. ಡಿಸ್ಟ್ರೊದ ಹೆಸರನ್ನು ಮಾತ್ರ ನಮಗೆ ಬರೆದುಕೊಡಿ, ಏನೂ ಬದಲಾಗುವುದಿಲ್ಲ ಎಂದಿತು. ಏಳು ಜನ ಮೊದಲ ಸಲ ಒಂದು ಕೋಣೆಯಲ್ಲಿ ಸೇರಿದರು. ಮಾತಾಡಿದರು. ಕೈ ಎತ್ತಿ ತೀರ್ಮಾನಿಸಿದರು. ಹೆಸರನ್ನು ಬರೆದುಕೊಟ್ಟರು.

ನಾಗವೇಣಿಗೆ ಕೋಪ ತಡೆಯಲಾಗಲಿಲ್ಲ. "ಆ ಏಳು ಜನರಲ್ಲಿ ಬೇಡ ಎನ್ನುವವರು ಒಬ್ಬರೂ ಇರಲಿಲ್ಲವೇ ಮೇಷ್ಟ್ರೇ? ಒಬ್ಬರೂ?"

"ಮೂವರು ಬೇಡ ಎಂದರು ತಾಯಿ, ಮೂವರು ಬೇಕು ಎಂದರು; ಏಳನೆಯ ಕೈ ನನ್ನದು."